ಫ್ರೆಂಚ್ ಹಾಡು ಕೇಳಿ ದಿನಬಳಕೆ ಮಾತು ಬರುತ್ತಾ? ಅನುಭವ ಇರೋರು ಹೇಳಿ

ತುಲೂಸ್‌ಗೆ ಹೊರಟೋಳು: ಯಜಮಾನ್ರಿಗೆ ಫ್ರಾನ್ಸಿನ ತುಲೂಸಲ್ಲಿ ವಿಮಾನದ ಕಂಪ್ನಿ ಕೆಲ್ಸ, ಮಗಳನ್ನ ಕರ್ಕೊಂಡು ನಾನೂ ಹೊರಟಿದೀನಿ. ಬೆಂಗ್ಳೂರಲ್ಲಿ ಫ್ರೆಂಚ್ ಮೊದಲ ಹಂತದ ಕೋರ್ಸು, ಎ1, ಮುಗ್ಸಿದೀನಿ. ಮುಂದಿನ ಹಂತ ಎ2ಗೆ ದುಡ್ಡು ಕಟ್ಲಾ, ಇಲ್ಲಾ ಹಳೇ ಗಾಯಕರು ಪಿಯಾಫ್, ಬ್ರೆಲ್ ಹಾಡು ಹಾಕ್ಕೊಂಡು ಅಂಗಡಿ, ಸ್ಕೂಲ್ ಗೇಟಲ್ಲಿ ಆಡೋ ಮಾತು ಕಲಿಬಹುದಾ?

ಲಿಯೋಂ ಅಕ್ಕ: ಹಳೇ ಹಾಡು ನೆಚ್ಕೊಂಡು ಬರ್ಬೇಡಮ್ಮ. ನಂಗೆ ಪಿಯಾಫ್ ಎಲ್ಲಾ ಬಾಯಿಪಾಠ ಇತ್ತು, ಆದ್ರೆ ಹಾಡಲ್ಲಿ ರಾಗಕ್ಕೆ ಅಂತ ಪದದ ಕೊನೇ ಸ್ವರ ಎಳೀತಾರೆ, ಮಕ್ಕಳ ಹಾಡಲ್ಲೇ ನೋಡಿ ‘ಫ್ರೇ-ರ ಝಾ-ಕ’, ಮಾತಲ್ಲಿ ‘ಫ್ರೇರ್ ಝಾಕ್’ ಅಷ್ಟೇ. ನಾನು ಬೇಕರಿಲಿ ಉದ್ದ ಬ್ರೆಡ್ ಬಾಗೆತ್ ಕೇಳೋಕೆ ‘ಬಾಗೆತ’ ಅಂದ್ರೆ ಆ ಹೆಂಗಸು ಪ್ರತಿ ಸಲ ತಿದ್ದೋಳು, ಹಿಂದೆ ಉದ್ದ ಕ್ಯೂ. ಇನ್ನು ಪಿಯಾಫ್‌ದು 1960ರ ‘ನೋಂ, ಝ ನ ರೆಗ್ರೆತ್ ರಿಯಾಂ’, ಅದ್ರಲ್ಲಿ ‘ಇಲ್ಲ’ ಅನ್ನೋಕೆ ಬರೋ ಆ ‘ನ’ ಬಾಯ್ಮಾತಲ್ಲಿ ಹೆಚ್ಚುಕಮ್ಮಿ ಇಲ್ವೇ ಇಲ್ಲ. ಗೊತ್ತಿಲ್ಲ ಅನ್ನೋಕೆ ಪುಸ್ತಕದಲ್ಲಿ ‘ಝ ನ ಸೆ ಪಾ’, ಜನ ‘ಶೆ ಪಾ’ ಅಂತ ನುಂಗಿಬಿಡ್ತಾರೆ. ಕೊನೆಗೆ ಟ್ಯೂಷನ್ ಇಟ್ಕೊಂಡೆ, ಗಂಟೆಗೆ 30 ಯೂರೋ.

ಗ್ರೆನೋಬ್ಲ್ ಧಾರವಾಡದಾಂವ: ಅಕ್ಕಾರ, ಮೊಮ್ಮಕ್ಕಳು ಆಡೂ ಮಾತು ಕಲೀಲಿಕ್ಕೆ ಅಜ್ಜಿ ಕಾಲದ ಹಾಡು ಯಾಕ್ ಕೇಳಿದ್ರಿ? ಈಗಿನ ಗಾಯಕ ಸ್ತ್ರೋಮೈ ಕೇಳ್ರಿ. 2013ರ ‘ಪಾಪಾವುತೆ’ ಅಂದ್ರ ‘ಪಾಪಾ, ಊ ತೆ’, ಅಪ್ಪಾ ಎಲ್ಲಿದ್ದಿ ಅಂತ. ಕ್ಲಾಸಿನ್ಯಾಗ ‘ಊ ಎ ತ್ಯು’ ಅಂತ ಬರಸ್ತಾರ, ಮನ್ಯಾಗ ಯಾರ ಹಂಗಂತಾರ್ರಿ? ಅವನ ಹೆಸರೂ ‘ಮಾಯೆಸ್ತ್ರೊ’ ತಿರುವಿ ಹಾಕಿದ್ದು, ಹಿಂಗ ಪದ ಹಿಂದ ಮುಂದ ಮಾಡೂದಕ್ಕ ವೆರ್ಲಾಂ ಅಂತಾರ. 1977ರಾಗ ರೆನೋ ಹಾಡಿದ ‘ಲೆಸ್ ಬೆತೋಂ’ನೂ ಅದ, ಬಿಟ್ಟಹಾಕು ಅನ್ನೂ ‘ಲೆಸ್ ತೋಂಬೆ’ ಉಲ್ಟಾ. ನಾ ಖರ್ಚು ಮಾಡಿದ್ದು ಒಂದ ಹೆಡ್‌ಫೋನ್, ಅದೂ ಸೇಲ್‌ನ್ಯಾಗ 19 ಯೂರೋಕ್ಕ. ಈಗ ಪ್ಲಂಬರ್ ಜೋಡಿ ಫ್ರೆಂಚಿನ್ಯಾಗ ಜಗಳಾ ಆಡ್ತೀನಿ.

ಲಿಯೋಂ ಅಕ್ಕ: ಪ್ಲಂಬರ್ ಹತ್ರ ಆಡು ತಮ್ಮ. ಪ್ರಿಫೆಕ್ಚರ್ ಅನ್ನೋ ಸರ್ಕಾರಿ ಆಫೀಸ್ ಕೌಂಟರಲ್ಲಿ ಕೂತೋರಿಗೆ ‘ವೂ’ (ನೀವು) ಬಿಟ್ಟು ‘ತ್ಯು’ (ನೀನು) ಅಂದು ನೋಡು, ವೀಸಾ ಫೈಲ್ ಎಲ್ಲಿಗೆ ಹೋಗುತ್ತೆ ಅಂತ. ಮತ್ತೆ ನಿನ್ ಸ್ತ್ರೋಮೈ ಬೆಲ್ಜಿಯಂನೋನು.

ಗ್ರೆನೋಬ್ಲ್ ಧಾರವಾಡದಾಂವ: ಬ್ರೆಲ್ ಎಲ್ಲಿಯಾಂವ ಮತ್ತ? ಅಂವನೂ ಬೆಲ್ಜಿಯಂ. ‘ವೂ’ ನನಗೂ ಗೊತ್ತೈತಿ, ಕಲಿಸಾಕ ಬರಬ್ಯಾಡ್ರಿ.

ಮಾಂಟ್ರಿಯಲ್ ಮಂಡ್ಯ: ಹಾಡು ಗೀಡು ಎಲ್ಲಾ ಟೈಂಪಾಸ್ ಕಣ್ರೀ. ನಾನು ಕೆನಡಾದಲ್ಲಿ ಖಾಯಂ ಇರೋಕೆ ಬೇಕಾದ ಪಿಆರ್‌ಗೋಸ್ಕರ ಟೆಫ್ ಅನ್ನೋ ಫ್ರೆಂಚ್ ಪರೀಕ್ಷೆ ಬರ್ದೋನು, ನಾಲ್ಕೂ ಭಾಗದಲ್ಲಿ ಎನ್‌ಸಿಎಲ್‌ಸಿ ಅನ್ನೋ ಅಳತೇಲಿ 7 ಬಂದು ಇಂಗ್ಲಿಷ್‌ನಲ್ಲಿ 5 ಇದ್ರೆ 50 ಪಾಯಿಂಟ್ ಎಕ್ಸ್‌ಟ್ರಾ, ನಂಗೆ ಮೂರ್ರಲ್ಲಿ ಬಂತು, ಬರವಣಿಗೇಲಿ ಹೋಯ್ತು. ಯಾಕ್ ಹೋಯ್ತು? ಹಾಡು ಕೇಳಿ ಕೇಳಿ ‘ನ’ ಬಿಟ್ಟೇ ಬರೆಯೋ ಚಾಳಿ. ಫೀಸು 400 ಡಾಲರ್ ಮೇಲೆ, ಮತ್ತೆ ಕಟ್ಟು, ಆ ಸರ್ಟಿಫಿಕೇಟೂ 2 ವರ್ಷಕ್ಕೆ ಹಳಸೋಗುತ್ತೆ. ಇಷ್ಟೆಲ್ಲಾ ಆಗಿ ಇಲ್ಲಿಗೆ ಬಂದ್ರೆ ‘ಮೆರ್ಸಿ’, ಥ್ಯಾಂಕ್ಸ್, ಅಂದಿದ್ದಕ್ಕೆ ‘ಬಿಯಾಂವನ್ಯೂ’ ಅಂತಾರೆ, ಪರವಾಗಿಲ್ಲ ಅನ್ನೋಕೆ, ನಂಗೆ ಗೊತ್ತಿದ್ದ ಅರ್ಥ ಸ್ವಾಗತ, ನಾನು ಬಾಗಿಲಲ್ಲೇ ನಿಂತಿದ್ದೆ ಪೆದ್ದನ ಥರ.

ತುಲೂಸ್‌ಗೆ ಹೊರಟೋಳು: ಹಾಗಾದ್ರೆ ಎ2 ಕಟ್ಟೋದಾ ಬೇಡ್ವಾ?

ಗರೋನ್ ದಂಡೆ: ಲಿಯೋಂ ಅಕ್ಕನ ಮಾತು ಲಿಯೋಂಗೆ ಸರಿ. ಇಲ್ಲಿ ತುಲೂಸಲ್ಲಿ ಹಳಬರು ಕೊನೇ ಸ್ವರ ಬಿಡಲ್ಲ, ‘ಪೆತೀತ’ ಅಂತ ಪೂರ್ತಿ ಹೇಳ್ತಾರೆ, ನಾನು ಬಾಡಿಗೆಗಿರೋ ಮನೆ ಅಜ್ಜಿ ಮಾತಾಡಿದ್ರೆ ಹಾಡೇ ಕೇಳಿದಂಗಿರುತ್ತೆ. ನನ್ನ ಕೇಳಿದ್ರೆ ಗಾಯಕ ನೂಗಾರೋನ ‘ತುಲೂಸ್’ ಕೇಳಬೇಕು, 1967ರದ್ದು, ಇದೇ ಊರಿನೋನು, ಆ ರಾಗ ಕಿವಿಗೆ ಕೂರುತ್ತೆ. ಆಮೇಲೆ ಬಿಗ್‌ಫ್ಲೋ ಮತ್ತು ಓಲಿ ಅಣ್ಣತಮ್ಮಂದಿರು, ಅವರೂ ಇಲ್ಲಿಯೋರೇ, 2017ರ ‘ದೊಮಾಝ್’. ಛೆ, ಹೀಗಾಗ್ಬಾರ್ದಿತ್ತು ಅನ್ನೋಕೆ ಜನ ದಿನಾ ‘ಸೆ ದೊಮಾಝ್’ ಅಂತಾರೆ, ಬಸ್ ತಪ್ಪಿದ್ರೂ ಅದೇ, ಮದ್ವೆ ಮುರಿದ್ರೂ ಅದೇ. ಅಡ್ವಾನ್ಸ್ ವಾಪಸ್ ಕೊಡುವಾಗ ಗೋಡೆ ಮೊಳೆ ತೂತಿಗೆ ಅಂತ 180 ಯೂರೋ ಹಿಡ್ಕೊಂಡು ನಮ್ಮ ಹಳೇ ಓನರ್ ಅಂದಿದ್ದೂ ‘ಸೆ ದೊಮಾಝ್’! ಬೇಕರಿಲಿ ಚಾಕೊಲೇಟ್ ಬನ್ನನ್ನ ಮಾತ್ರ ‘ಪ್ಯಾಂ ಒ ಶೊಕೊಲಾ’ ಅಂತ ಕೇಳ್ಬೇಡಿ, ಇಲ್ಲಿ ‘ಶೊಕೊಲಾತೀನ್’.

ಲಿಯೋಂ ಅಕ್ಕ: ಶೊಕೊಲಾತೀನ್ ಅಂತೆ. ಮಿಕ್ಕ ದೇಶ ಹೆಚ್ಚುಕಮ್ಮಿ ಪ್ಯಾಂ ಒ ಶೊಕೊಲಾ ಅನ್ನುತ್ತೆ, ನಿಮ್ಮ ಮೂಲೆ ಒಂದು ಬಿಟ್ಟು.

ಮಾಂಟ್ರಿಯಲ್ ಮಂಡ್ಯ: ನಮ್ಮ ಕ್ವಿಬೆಕ್ ಪ್ರಾಂತ್ಯದಲ್ಲೂ ಶೊಕೊಲಾತೀನೇ ಅಕ್ಕಾ.

ಲಿಯೋಂ ಅಕ್ಕ: ಬಾಗಿಲಲ್ಲಿ ನಿಂತೋರು ಸುಮ್ನಿರಿ.

ಗ್ರೆನೋಬ್ಲ್ ಧಾರವಾಡದಾಂವ: ನೋಡ್ರಿ, ಅಕ್ಕಾರಿಗೆ ಯಾರ ಏನ ಹೇಳಿದ್ರೂ ತಪ್ಪ. ಲೆಸ್ ಬೆತೋಂ.