ಅಪ್‌ಡೇಟ್: ಮೂರು ಲೆನ್ಸ್‌ಗೂ ಒಂದೇ ಪೋಲರೈಸರ್ ಸಾಕಾಯಿತು
ಫಿಲ್ಟರ್ ಕೂರುವ ಬಾಯಿಯ ಅಳತೆ 58, 67, 77 ಎಂಎಂ ಇರುವ ನನ್ನ ಮೂರು ಕ್ಯಾಮೆರಾ ಲೆನ್ಸ್‌ಗಳಿಗೆ ಬೇರೆ ಬೇರೆ ಪೋಲರೈಸರ್ (ಪ್ರತಿಫಲಿಸುವ ಹೊಳಪನ್ನು ತಗ್ಗಿಸುವ ಫಿಲ್ಟರ್) ಬೇಕಾ ಎಂದು ಕೇಳಿದ್ದೆ. ನೀವು ಹೇಳಿದ ಹಾಗೆ 77ರ ಸರ್ಕ್ಯುಲರ್ ಎಂಬ ಬಗೆಯ ಪೋಲರೈಸರ್ ಒಂದನ್ನೇ ಕೊಂಡೆ. ಉಳಿದೆರಡಕ್ಕೆ ಸ್ಟೆಪ್-ಅಪ್ ರಿಂಗ್ (ದೊಡ್ಡ ಫಿಲ್ಟರನ್ನು ಸಣ್ಣ ಲೆನ್ಸ್‌ಗೆ ಕೂರಿಸುವ ಬಳೆ) ಹಾಕಿದೆ. ಆಟೋಫೋಕಸ್‌ಗೆ ಏನೂ ತೊಂದರೆಯಿಲ್ಲ. ಆದರೆ ರಿಂಗ್ ಇದ್ದಾಗ ಆ ಲೆನ್ಸ್‌ಗಳ ಹುಡ್ (ಲೆನ್ಸ್ ಮುಂದೆ ನೆರಳಿಗೆ ಹಾಕುವ ಕವಚ) ಕೂರುವುದಿಲ್ಲ.

ನನಗೆ ತುಂಬಾ ಖುಷಿ ಕೊಟ್ಟಿದ್ದು ಆಕಾಶವಲ್ಲ, ಒದ್ದೆ ಎಲೆಗಳು. ಫಿಲ್ಟರ್ ತಿರುಗಿಸುತ್ತಾ ಹೋದಂತೆ ಮೇಲಿನ ಬಿಳಿ ಹೊಳಪು ಹೋಗಿ ಒಳಗಿನ ಹಸಿರು ಕಾಣಿಸಿತು. ಇದನ್ನು ಆಮೇಲೆ ಎಡಿಟಿಂಗ್‌ನಲ್ಲಿ ತರುವುದು ಕಷ್ಟ, ಅಲ್ವಾ? ಸೂರ್ಯನಿಗೆ 90 ಡಿಗ್ರಿ ಪಕ್ಕದ ಆಕಾಶದಲ್ಲಿ ಪರಿಣಾಮ ಜಾಸ್ತಿ. ಹಾಗಾಗಿ 16 ಎಂಎಂ ಫೋಕಲ್ ಲೆಂತ್‌ನಲ್ಲಿ, ಅಂದರೆ ತುಂಬಾ ಅಗಲದ ನೋಟದಲ್ಲಿ, ಆಕಾಶದ ಒಂದು ಪಟ್ಟಿ ಮಾತ್ರ ಕಡುನೀಲಿಯಾಯಿತು. ಅಲ್ಲಿ ಇನ್ನು ಬಳಸುವುದಿಲ್ಲ. ಬೆಳಕು ಒಂದೂವರೆ ಸ್ಟಾಪ್‌ನಷ್ಟು (ಒಂದು ಸ್ಟಾಪ್ ಕಡಿಮೆಯಾದರೆ ಬೆಳಕು ಅರ್ಧವಾಗುತ್ತದೆ) ಕಡಿಮೆಯಾಗುವುದರಿಂದ ಸಂಜೆ ಹೊತ್ತು ತೆಗೆದಿಡುತ್ತೇನೆ.