ಸ್ಟಿಕ್ ಕೆಳಗಿಟ್ಟ ಮೇಲೆ ಮುಂದೇನು? ಓದುಗರ ಸ್ಪಂದನ

ಕಳೆದ ಸಂಚಿಕೆಯ ಪತ್ರ: 'ನನಗೆ 32 ವರ್ಷ, ವಿರಾಜಪೇಟೆ ಕಡೆಯ ಹಾಕಿ ಆಟಗಾರ. ಡಿಫೆಂಡರ್. ಪೆನಾಲ್ಟಿ ಕಾರ್ನರ್ ಸಿಕ್ಕರೆ ಡ್ರ್ಯಾಗ್ ಫ್ಲಿಕ್ (ಚೆಂಡನ್ನು ಸ್ಟಿಕ್‌ನಿಂದ ಎಳೆದು ಗೋಲಿಗೆ ಚಿಮ್ಮಿಸುವುದು) ನನ್ನದೇ. ರಾಜ್ಯ ತಂಡದಲ್ಲಿ ಸೀನಿಯರ್ ನ್ಯಾಷನಲ್ಸ್ ಆಡಿದ್ದೇನೆ, ಭಾರತಕ್ಕೆ ಆಡಿಲ್ಲ. ಬೆಂಗಳೂರಿನ ಒಂದು ಸಂಸ್ಥೆಯ ತಂಡದಲ್ಲಿ ಏಳು ವರ್ಷ ಗುತ್ತಿಗೆಯ ಮೇಲಿದ್ದೆ. ಮಂಡಿಗೆ ಎಸಿಎಲ್ ಶಸ್ತ್ರಚಿಕಿತ್ಸೆ ಆದ ಮೇಲೆ ವೇಗ ಹೋಯಿತು, ಈ ವರ್ಷ ಗುತ್ತಿಗೆ ಮುಂದುವರಿಸಲಿಲ್ಲ. ಪಿಯುಸಿ ಆಗಿದೆ, ಬಿ.ಎ. ಎರಡನೇ ವರ್ಷಕ್ಕೆ ಬಿಟ್ಟೆ. ಹೆಂಡತಿ, ಮೂರು ವರ್ಷದ ಮಗಳು. ಊರಲ್ಲಿ ಮೂರು ಎಕರೆ ಕಾಫಿ. ಕೈಯಲ್ಲಿರುವ ಹಣ ತೊಡಗಿಸಿ ಹಾಕಿ ಅಕಾಡೆಮಿ ತೆರೆಯಲೇ? ಹಾಕಿ ಬಿಟ್ಟು ನನಗೆ ಬೇರೇನೂ ಗೊತ್ತಿಲ್ಲ.'

ಮೊದಲು ಫಾರಂ 26ಎಎಸ್ ತೆಗೆದು ನೋಡಿ

ಏಳು ವರ್ಷ ನೀವು ಆ ಸಂಸ್ಥೆಯ ನೌಕರರಾಗಿದ್ದಿರೋ, ಸ್ಟೈಪೆಂಡ್ ಪಡೆಯುವ ಆಟಗಾರರಾಗಿದ್ದಿರೋ ಎಂಬುದು ನಿಮ್ಮ ಪತ್ರದಲ್ಲಿಲ್ಲ. ಬಹುಶಃ ನಿಮಗೂ ಸರಿಯಾಗಿ ಗೊತ್ತಿರಲಿಕ್ಕಿಲ್ಲ. ತಿಳಿಯುವುದು ಸುಲಭ. ಆದಾಯ ತೆರಿಗೆ ಪೋರ್ಟಲ್‌ನಲ್ಲಿ ಆ ವರ್ಷಗಳ ಫಾರಂ 26ಎಎಸ್ (ನಿಮ್ಮ ಹೆಸರಿನಲ್ಲಿ ಮುರಿದುಕೊಂಡ ತೆರಿಗೆಯ ವಿವರ) ತೆಗೆಯಿರಿ. ತೆರಿಗೆ ಮುರಿದುಕೊಂಡದ್ದು ಸೆಕ್ಷನ್ 192ರ ಅಡಿ ಎಂದಿದ್ದರೆ ಸಂಸ್ಥೆ ನಿಮಗೆ ಸಂಬಳ ಕೊಟ್ಟಿದೆ ಎಂದರ್ಥ. 194ಜೆ ಎಂದಿದ್ದರೆ ವೃತ್ತಿಪರ ಶುಲ್ಕ ಎಂದು ತೋರಿಸಿದೆ, ಆಗ ಪಿಎಫ್ (ಭವಿಷ್ಯ ನಿಧಿ) ಆಗಲಿ ಗ್ರಾಚ್ಯುಟಿ (ಕೆಲಸ ಬಿಡುವಾಗ ಸಂಸ್ಥೆ ಕೊಡುವ ಇಡುಗಂಟು) ಆಗಲಿ ಸಿಗುವುದು ಕಷ್ಟ.

ಸಂಬಳವೇ ಆಗಿದ್ದರೆ ಗ್ರಾಚ್ಯುಟಿ ಕೇಳಲೇಬೇಕು. ಕೊನೆಯ ಮೂಲ ವೇತನ ಮತ್ತು ತುಟ್ಟಿಭತ್ಯೆ ಕೂಡಿಸಿ 15ರಿಂದ ಗುಣಿಸಿ 26ರಿಂದ ಭಾಗಿಸಿ, ಬಂದದ್ದನ್ನು ಸೇವೆಯ ವರ್ಷಗಳಿಂದ ಗುಣಿಸಿ. ಏಳು ವರ್ಷಕ್ಕೆ ಹೆಚ್ಚುಕಡಿಮೆ ನಾಲ್ಕು ತಿಂಗಳ ವೇತನ ಬರುತ್ತದೆ. ಗುತ್ತಿಗೆಯನ್ನು ವರ್ಷ ವರ್ಷ ನವೀಕರಿಸುವಾಗ ನಡುವೆ ಒಂದೆರಡು ದಿನ ಬಿಡುವು ತೋರಿಸಿ 'ಸೇವೆ ನಿರಂತರವಲ್ಲ' ಎನ್ನುವ ಚಾಳಿ ಉಂಟು. ಹಾಗೇನಾದರೂ ಹೇಳಿದರೆ ಎಲ್ಲ ಆದೇಶಗಳ ಪ್ರತಿ ಹಿಡಿದು ಕಾರ್ಮಿಕ ಇಲಾಖೆಯ ಕಚೇರಿಗೆ ಹೋಗಿ.

ಪಿಎಫ್ ಇದ್ದರೆ ಅದರ ಜೊತೆಗಿನ ಪಿಂಚಣಿ ಭಾಗವನ್ನು ಹಿಂಪಡೆಯಬೇಡಿ. ಫಾರಂ 10ಸಿ ತುಂಬುವಾಗ ಹಣದ ಬದಲು ಸೇವೆಯ ವರ್ಷಗಳನ್ನು ದಾಖಲಿಸುವ ಸ್ಕೀಮ್ ಸರ್ಟಿಫಿಕೇಟ್ ಕೇಳಿ. ಪಿಂಚಣಿಗೆ ಬೇಕಾದದ್ದು ಹತ್ತು ವರ್ಷದ ಸೇವೆ, ನಿಮ್ಮದು ಏಳಾಗಿದೆ. ನಾಳೆ ಪಿಎಫ್ ಇರುವ ಶಾಲೆಯಲ್ಲಿ ತರಬೇತುದಾರರಾಗಿ ಮೂರು ವರ್ಷ ದುಡಿದರೆ ಹತ್ತು ತುಂಬುತ್ತದೆ, 58ಕ್ಕೆ ಪಿಂಚಣಿಗೆ ಅರ್ಹರಾಗುತ್ತೀರಿ. ಕೈಯಲ್ಲಿರುವ ಹಣದಲ್ಲಿ ಎಂಟು ತಿಂಗಳ ಮನೆ ಖರ್ಚನ್ನು ಬೇರೆ ಖಾತೆಗೆ ಹಾಕಿ, ಉಳಿದದ್ದರ ಮಾತು ಆಮೇಲೆ.

— ಲೆಕ್ಕಪತ್ರ ಸಲಹೆಗಾರ, ಮೈಸೂರು

ಅಕಾಡೆಮಿ ಈ ವರ್ಷ ಬೇಡ

ಆಟ ನಿಲ್ಲಿಸಿದವರೆಲ್ಲ ಮೊದಲು ಯೋಚಿಸುವುದು ಅಕಾಡೆಮಿಯನ್ನೇ. ಹಣ ಕಳೆದುಕೊಳ್ಳುವುದೂ ಹೆಚ್ಚಾಗಿ ಅಲ್ಲಿಯೇ. ನಿಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಣ್ಣಿನ ಮೈದಾನಕ್ಕೆ ಇಳಿಯುವಂತಿಲ್ಲ. ಶಾಲೆ ಶುರುವಾಗಿ ಮಕ್ಕಳು ಹೆಸರು ಬರೆಸುವುದೂ ಅದೇ ಜೂನ್‌ನಲ್ಲಿ. ನಾಲ್ಕು ತಿಂಗಳು ಶುಲ್ಕ ಇಲ್ಲ, ಬಾಡಿಗೆ ಮಾತ್ರ ನಿಲ್ಲುವುದಿಲ್ಲ. ಟರ್ಫ್ ಇರುವ ಕಡೆಯೂ ಸಂಜೆಯ ಒಳ್ಳೆಯ ಹೊತ್ತು ಕ್ರೀಡಾ ವಸತಿ ನಿಲಯದ ಮಕ್ಕಳಿಗೇ ಹೋಗುತ್ತದೆ. ಮಳೆಗಾಲಕ್ಕೆ ಇರುವ ಒಂದೇ ದಾರಿ ಸಭಾಂಗಣದೊಳಗಿನ ಹಾಕಿ. ಅಲ್ಲಿ ಹೊಡೆತವಿಲ್ಲ, ಪುಶ್ ಮಾತ್ರ. ಚೆಂಡಿನ ಮೇಲೆ ಹಿಡಿತ ಬರಲು ಅದಕ್ಕಿಂತ ಒಳ್ಳೆಯ ಪಾಠ ಇನ್ನೊಂದಿಲ್ಲ. ಆದರೆ ಅಷ್ಟು ದೊಡ್ಡ, ಜಾರದ ನೆಲದ ಹಾಲ್ ಮೊದಲು ಸಿಗಬೇಕು.

ಆದ್ದರಿಂದ ಎರಡು ವರ್ಷ ಶಾಲೆಯೊಂದರಲ್ಲಿ ಗುತ್ತಿಗೆ ತರಬೇತುದಾರರಾಗಿ. ಕೂಡಿಗೆ, ಪೊನ್ನಂಪೇಟೆಯಂಥ ಕಡೆಯ ಸರ್ಕಾರಿ ಕ್ರೀಡಾ ಶಾಲೆ, ವಸತಿ ನಿಲಯಗಳಿಗೆ ಡಿಪ್ಲೊಮಾ ಇಲ್ಲದೆ ಹೋಗುವುದು ಕಷ್ಟ, ಖಾಸಗಿ ವಸತಿ ಶಾಲೆಗಳು ಆಟದ ಅನುಭವ ನೋಡಿ ತೆಗೆದುಕೊಳ್ಳುತ್ತವೆ. ಒಪ್ಪಂದಕ್ಕೆ ಸಹಿ ಹಾಕುವ ಮುಂಚೆ ಕೆಲವು ವಿಷಯ ಕೇಳಿ ತಿಳಿಯಿರಿ. ಸಂಬಳ ಹತ್ತು ತಿಂಗಳಿಗೋ ಹನ್ನೆರಡಕ್ಕೋ? ಟೂರ್ನಿಗೆ ಹೋದಾಗ ಪ್ರಯಾಣಭತ್ಯೆ ಯಾರದು? ಮಕ್ಕಳಿಗೆ ಅಪಘಾತ ವಿಮೆ ಇದೆಯೇ? 'ಹಾಕಿ ಕೋಚ್' ಎಂದು ಕರೆದು ಬಸ್ ಡ್ಯೂಟಿ, ಹಾಸ್ಟೆಲ್ ವಾರ್ಡನ್ ಕೆಲಸ ಹೊರಿಸುವುದು ಮಾಮೂಲು, ಆ ವಿಷಯವೂ ಬರಹದಲ್ಲಿರಲಿ.

ಅರ್ಹತೆಗೆ ಹಾಕಿ ಇಂಡಿಯಾದ ತರಬೇತುದಾರರ ಕೋರ್ಸ್‌ನಲ್ಲಿ ಬೇಸಿಕ್ ಹಂತ ಮೊದಲು, ಬಳಿಕ ಲೆವೆಲ್ 1. ಜೊತೆಗೆ ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ಆರು ವಾರದ ಸರ್ಟಿಫಿಕೇಟ್ ಕೋರ್ಸ್. ಅದು ಶಾಲೆಗಳಿಗೆ ಸಾಕು. ಅಲ್ಲಿಯ ಪೂರ್ಣ ಡಿಪ್ಲೊಮಾಕ್ಕೆ ಸಾಮಾನ್ಯವಾಗಿ ಪದವಿ ಬೇಕು, ನೀವು ಸಿಕ್ಕಿಕೊಳ್ಳುವುದು ಅಲ್ಲಿ.

ಮುಂದೆ ಅಕಾಡೆಮಿ ತೆರೆದರೂ 24 ಮಕ್ಕಳಿಂದ ಶುರು ಮಾಡಿ. ಮಕ್ಕಳದೇ ಸ್ಟಿಕ್ ಇದ್ದರೂ 28ರಿಂದ 36 ಇಂಚಿನವರೆಗೆ ಎಂಟು ಹೆಚ್ಚುವರಿ ಸ್ಟಿಕ್ ಇಟ್ಟಿರಿ. ಬೆಳೆಯುವ ಮಗುವಿಗೆ ಅಣ್ಣನ 37 ಇಂಚಿನ ಸ್ಟಿಕ್ ಕೊಟ್ಟು ಕಳಿಸುವ ತಂದೆತಾಯಿ ಬೇಕಾದಷ್ಟಿದ್ದಾರೆ, ಅದರಿಂದ ಬಲಗೈ ಹಿಡಿತ ಕೆಡುತ್ತದೆ, ಬೆನ್ನು ನೆಟ್ಟಗಾಗಿಬಿಡುತ್ತದೆ. ಚೆಂಡು 60 ಇರಲಿ, ತಲೆಗೆ ಎರಡಾದರೂ ಬೀಳಬೇಕು. ಕೋನ್ 40, ಎರಡು ಬಣ್ಣದ ಬಿಬ್ ಹನ್ನೆರಡು ಹನ್ನೆರಡು. ಗೋಲ್‌ಕೀಪರ್ ಕಿಟ್ ಪೂರ್ತಿ ಎರಡು: ಹೆಲ್ಮೆಟ್, ಗಂಟಲ ಕವಚ, ಎದೆ ಕವಚ, ಕಾಲಿಗೆ ಪ್ಯಾಡ್, ಪಾದಕ್ಕೆ ಕಿಕರ್, ಎರಡು ಕೈಗೂ ಗ್ಲೌಸ್. ಎಲ್ಲಕ್ಕಿಂತ ದುಬಾರಿ ಇದೇ, ಉಳಿಸಲು ಹೋಗಿ ಎಲ್ಲರೂ ಕೈಬಿಡುವುದೂ ಇದನ್ನೇ. ಗೋಲ್‌ಕೀಪರ್ ಇಲ್ಲದ ಗುಂಪಿನಲ್ಲಿ ಮಕ್ಕಳು ಖಾಲಿ ಗೋಲಿಗೆ ಹೊಡೆಯುವುದನ್ನು ಕಲಿತು ಪಂದ್ಯದಲ್ಲಿ ನೇರವಾಗಿ ಪ್ಯಾಡ್‌ಗೆ ಹೊಡೆಯುತ್ತಾರೆ. ಮೌತ್‌ಗಾರ್ಡ್, ಶಿನ್‌ಗಾರ್ಡ್ ಇಲ್ಲದ ಮಗುವನ್ನು ಒಳಗೆ ಬಿಡಬೇಡಿ. ನಿಮ್ಮ ಪೊಲೀಸ್ ಪರಿಶೀಲನಾ ಪತ್ರವನ್ನು ಕೇಳುವ ಮುಂಚೆಯೇ ತೋರಿಸಿ, ತರಬೇತಿ ನೋಡಲು ಪೋಷಕರು ಯಾವಾಗ ಬಂದರೂ ಬಾಗಿಲು ತೆರೆದಿರಲಿ.

ಇದೆಲ್ಲ ಯಾವ ಮಾಜಿ ಆಟಗಾರನೂ ಮಾಡಬಹುದಾದದ್ದು. ನಿಮ್ಮದೇ ಸರಕು ಡ್ರ್ಯಾಗ್ ಫ್ಲಿಕ್, ಅದನ್ನು ಮಾರಿ. ಪೆನಾಲ್ಟಿ ಕಾರ್ನರ್‌ನಲ್ಲಿ ಮೊದಲ ಶಾಟ್ ಹೊಡೆತವಾದರೆ ಚೆಂಡು 460 ಮಿ.ಮೀ. ಎತ್ತರದೊಳಗೆ ಗೋಲುಗೆರೆ ದಾಟಬೇಕು, ಫ್ಲಿಕ್‌ಗೆ ಆ ಕಟ್ಟು ಇಲ್ಲ. ಹಾಗಾಗಿ ಪ್ರತಿ ಶಾಲಾ ತಂಡ, ಕಾಲೇಜು ತಂಡಕ್ಕೂ ಒಬ್ಬ ಫ್ಲಿಕರ್ ಬೇಕು, ಹೇಳಿಕೊಡುವವರು ಕಡಿಮೆ. ವಾರಕ್ಕೆ ಎರಡು ದಿನ ಮೂರ್ನಾಲ್ಕು ಸಂಸ್ಥೆಗಳಿಗೆ ಹೋಗಿ ಅದನ್ನಷ್ಟೇ ಕಲಿಸುವ ಒಪ್ಪಂದ ಮಾಡಿಕೊಳ್ಳಬಹುದು. ಹುಡುಗರು ಮಾಡುವ ತಪ್ಪು ಹೆಚ್ಚಾಗಿ ಒಂದೇ. ಚೆಂಡನ್ನು ಮುಂದಿನ ಕಾಲಿನ ಪಕ್ಕದಲ್ಲಿ ಎತ್ತಿಕೊಳ್ಳುತ್ತಾರೆ, ಎಳೆಯಲು ಜಾಗವೇ ಉಳಿಯುವುದಿಲ್ಲ. ಬಲಗಾಲು ಎಡಗಾಲಿನ ಹಿಂದೆ ದಾಟಿ ಊರಿದಾಗ ಚೆಂಡು ಇನ್ನೂ ಹಿಂದಿರಬೇಕು. ಎಡಗಾಲು ಅಗಲವಾಗಿ ಮುಂದೆ ಬೀಳಬೇಕು, ಸೊಂಟ ಮೊದಲು ತಿರುಗಬೇಕು, ಭುಜ ಆಮೇಲೆ, ಸ್ಟಿಕ್ ಕೊನೆಗೆ. ಭುಜದಿಂದಲೇ ಎಳೆದರೆ ಚೆಂಡು ವೇಗವಿಲ್ಲದೆ ಮೇಲೇಳುತ್ತದೆ, ಸೊಂಟದ ಮೇಲಿನ ಬೆನ್ನು ಕೆಡುತ್ತದೆ. ಹದಿನೈದರೊಳಗಿನವರಿಗೆ ಹೆಜ್ಜೆ ಮಾತ್ರ ಕಲಿಸಿ, ಪೂರ್ಣ ಬಲದ ಫ್ಲಿಕ್ ಬೇಡ. ದೊಡ್ಡವರಿಗೂ ಒಂದು ಸಲಕ್ಕೆ ಮೂವತ್ತು ದಾಟಿಸಬೇಡಿ.

— ಹಾಕಿ ತರಬೇತುದಾರ, ಬೆಂಗಳೂರು

ಯಾವ ಬಾಗಿಲು ಮುಚ್ಚಿದೆ, ಯಾವುದು ತೆರೆದಿದೆ

ರೈಲ್ವೆಯ ಮುಕ್ತ ಕ್ರೀಡಾ ಕೋಟಾದಲ್ಲಿ ವಯಸ್ಸು 18ರಿಂದ 25, ಸಡಿಲಿಕೆ ಇಲ್ಲ. ಅಲ್ಲಿ ಸಮಯ ಕಳೆಯಬೇಡಿ. ಕೇಂದ್ರದ ಇತರ ಗ್ರೂಪ್ ಸಿ ಹುದ್ದೆಗಳಲ್ಲಿ ಕ್ರೀಡಾಪಟುಗಳಿಗೆ ಐದು ವರ್ಷದವರೆಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಹತ್ತು ವರ್ಷದವರೆಗೆ ವಯೋಮಿತಿ ಸಡಿಲಿಸಲು ಅವಕಾಶವಿದೆ. ಆದರೆ ತಂಡಕ್ಕೆಂದೇ ಆಟಗಾರರನ್ನು ಹುಡುಕುವ ಕಡೆ ಮೈದಾನದಲ್ಲಿ ಟ್ರಯಲ್ ಇರುತ್ತದೆ, ನಿಮ್ಮ ಮಂಡಿ ಅದಕ್ಕೆ ಒಪ್ಪಬೇಕು. ಅಂತರರಾಷ್ಟ್ರೀಯ ಪದಕ ವಿಜೇತರಿಗೆ ಕೇಂದ್ರ ಕೊಡುವ ಮಾಸಿಕ ಪಿಂಚಣಿ ನಿಮಗೆ ಅನ್ವಯಿಸುವುದಿಲ್ಲ. 'ಮಾಡಿಸಿಕೊಡುತ್ತೇನೆ' ಎಂದು ಯಾರಾದರೂ ದುಡ್ಡು ಕೇಳಿದರೆ ನಂಬಬೇಡಿ.

ಈ ತಿಂಗಳೇ ಆಗಬೇಕಾದ ಕೆಲಸವೊಂದಿದೆ. ಸರ್ಕಾರಿ ಅರ್ಜಿಗಳಿಗೆ ಟೂರ್ನಿಯಲ್ಲಿ ಕೊಟ್ಟ ಬಣ್ಣದ ಪ್ರಮಾಣಪತ್ರ ಸಾಲದು. ರಾಷ್ಟ್ರೀಯ ಟೂರ್ನಿಯಲ್ಲಿ ರಾಜ್ಯವನ್ನು ಪ್ರತಿನಿಧಿಸಿದ್ದಕ್ಕೆ ರಾಜ್ಯ ಸಂಸ್ಥೆಯ ಕಾರ್ಯದರ್ಶಿ ಸಹಿ ಮಾಡಿದ ಫಾರಂ 2, ಅಂತರ ವಿಶ್ವವಿದ್ಯಾಲಯ ಆಡಿದ್ದರೆ ಕ್ರೀಡಾ ನಿರ್ದೇಶಕರ ಸಹಿಯ ಫಾರಂ 3 ಬೇಕು. ಪದಾಧಿಕಾರಿಗಳು ಬದಲಾದ ಮೇಲೆ ಹಳೆಯ ಟೂರ್ನಿಗಳ ಕಡತ ಹುಡುಕಿಸುವುದು ದೊಡ್ಡ ಪಾಡು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿರುವ ಹೆಸರು, ಇನಿಷಿಯಲ್ ಅಕ್ಷರಕ್ಷರ ಹೊಂದಬೇಕು. ಮನೆತನದ ಹೆಸರು ಒಂದು ಕಡೆ ಮುಂದೆ, ಇನ್ನೊಂದು ಕಡೆ ಹಿಂದೆ ಬಂದು ಅರ್ಜಿ ತಿರಸ್ಕಾರವಾಗುವುದು ಕೊಡಗಿನವರಿಗೆ ಹೊಸದಲ್ಲ.

ಪದವಿ ಮುಗಿಸಿ. ಹಳೆಯ ವಿಶ್ವವಿದ್ಯಾಲಯದಲ್ಲಿ ಕೋರ್ಸ್ ಮುಗಿಸುವ ಅವಧಿ ಉಳಿದಿದೆಯೇ ಎಂದು ಮೊದಲು ವಿಚಾರಿಸಿ, ಇಲ್ಲದಿದ್ದರೆ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ. ಬಳಿಕ ದೈಹಿಕ ಶಿಕ್ಷಕರಾಗಲು ಎರಡು ವರ್ಷದ ಬಿ.ಪಿ.ಎಡ್. ಅದಕ್ಕೆ ಪದವಿಯಲ್ಲಿ 50 ಶೇಕಡಾ ಬೇಕು, ರಾಷ್ಟ್ರೀಯ ಅಥವಾ ರಾಜ್ಯ ಮಟ್ಟದಲ್ಲಿ ಆಡಿದವರಿಗೆ 45 ಸಾಕು. ಅಷ್ಟರಲ್ಲಿ ಸರ್ಕಾರಿ ಹುದ್ದೆಯ ವಯಸ್ಸು ಮೀರಿದರೂ ಸಿಬಿಎಸ್‌ಇ, ಐಸಿಎಸ್‌ಇ ಶಾಲೆಗಳಲ್ಲಿ ಅದೇ ಪತ್ರಕ್ಕೆ ಕಾಯಂ ಸಂಬಳ ಸಿಗುತ್ತದೆ.

ಇನ್ನೊಂದು: 2024ರ ಆಗಸ್ಟ್ 29ರಂದು ಕೇಂದ್ರ ಕ್ರೀಡಾ ಸಚಿವಾಲಯ ನಿವೃತ್ತ ಕ್ರೀಡಾಪಟುಗಳಿಗೆ 'ರೀಸೆಟ್' ಎಂಬ ತರಬೇತಿ ಶುರು ಮಾಡಿತು. ವಯಸ್ಸು 20ರಿಂದ 50. ಪಿಯುಸಿ ಆದವರಿಗೆ ಒಂದು ವರ್ಗ, ಆಗದವರಿಗೆ ಇನ್ನೊಂದು. ಗ್ವಾಲಿಯರ್‌ನ ಲಕ್ಷ್ಮೀಬಾಯಿ ದೈಹಿಕ ಶಿಕ್ಷಣ ಸಂಸ್ಥೆ ನಡೆಸುತ್ತದೆ. ಮನೆಯಿಂದಲೇ ಓದು, ನಂತರ ಸ್ಥಳದಲ್ಲಿ ತರಬೇತಿ. ಹೊಸ ಬ್ಯಾಚ್‌ಗೆ ಅರ್ಜಿ ಕರೆದಾಗ ಸಲ್ಲಿಸಿ.

— ನಿವೃತ್ತ ದೈಹಿಕ ಶಿಕ್ಷಣ ನಿರ್ದೇಶಕ, ಹಾಸನ

ಸೀಟಿ ಹಿಡಿಯಿರಿ, ಆದರೆ ಹೊಟ್ಟೆಪಾಡಿಗೆಂದಲ್ಲ

ಅಂಪೈರಿಂಗ್‌ನಲ್ಲಿ ದಿನಭತ್ಯೆ, ಪ್ರಯಾಣಭತ್ಯೆ ಸಿಗುತ್ತದೆ, ಸಂಸಾರ ನಡೆಸಲು ಸಾಲದು. ಶಾಲೆಯ ಕೆಲಸದ ಜೊತೆ ಇಟ್ಟುಕೊಂಡರೆ ಚೆನ್ನ. ರಾಜ್ಯ ಸಂಸ್ಥೆ ನಡೆಸುವ ಕ್ಲಿನಿಕ್‌ಗೆ ಹೋಗಿ, ನಿಯಮದ ಪರೀಕ್ಷೆ ಬರೆದು, ಓಟದ ಪರೀಕ್ಷೆ ಮುಗಿಸಿ ಲೀಗ್ ಪಂದ್ಯಗಳಿಂದ ಶುರು. ಕರ್ನಾಟಕದ ರಘುಪ್ರಸಾದ್ ಒಲಿಂಪಿಕ್ಸ್‌ವರೆಗೆ ಹೋದದ್ದು ಇದೇ ದಾರಿಯಲ್ಲಿ. ನಿಮಗಂತೂ ಮನೆ ಬಾಗಿಲಲ್ಲೇ ಶಾಲೆಯಿದೆ. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕೌಟುಂಬಿಕ ಹಾಕಿಯಲ್ಲಿ ಈಗ ಮುನ್ನೂರಕ್ಕೂ ಹೆಚ್ಚು ಕುಟುಂಬಗಳು ಆಡುತ್ತವೆ. ಒಂದೇ ತಿಂಗಳಲ್ಲಿ ಅಷ್ಟು ಪಂದ್ಯ ಬೇರೆಲ್ಲೂ ಸಿಗುವುದಿಲ್ಲ. ಅಜ್ಜ ಮೊಮ್ಮಗ ಒಂದೇ ತಂಡದಲ್ಲಿರುವ ಪಂದ್ಯವನ್ನು ಯಾರಿಗೂ ಪೆಟ್ಟಾಗದಂತೆ ಮುಗಿಸಿದವನಿಗೆ ಯಾವ ಪಂದ್ಯವೂ ಕಷ್ಟವಲ್ಲ.

ಮಾಜಿ ಆಟಗಾರರು ಎಡವುವುದು ಎರಡು ಕಡೆ. ಕಣ್ಣು ಚೆಂಡಿನ ಹಿಂದೆಯೇ ಓಡುತ್ತದೆ, ಚೆಂಡಿನಿಂದ ದೂರದಲ್ಲಿ ಡಿಫೆಂಡರ್ ಸ್ಟಿಕ್ ಒತ್ತಿ ಹಿಡಿದದ್ದು ಕಾಣುವುದಿಲ್ಲ. ಎರಡನೆಯದು, ಕಾಲಿಗೆ ತಗುಲಿದ ಕೂಡಲೇ ಸೀಟಿ. ಅರೆಕ್ಷಣ ತಡೆದರೆ ಎದುರಾಳಿಗೆ ಅನುಕೂಲ ಸಿಕ್ಕಿತೇ ಎಂದು ತಿಳಿಯುತ್ತದೆ. ನಿಮ್ಮ ಕಾಲದ ನಿಯಮ ನೆನಪಿನಲ್ಲಿದೆ ಎಂದು ನಂಬಿ ಕೂರಬೇಡಿ, ಪುಸ್ತಕವನ್ನು ಹೊಸದಾಗಿ ಓದಿ. ಎದುರಾಳಿಯ 23 ಮೀಟರ್ ವಲಯದ ಫ್ರೀ ಹಿಟ್‌ನಲ್ಲಿ ಚೆಂಡು ಐದು ಮೀಟರ್ ಸಾಗದೆ ಗೋಲಿನ ಮುಂದಿನ ಸರ್ಕಲ್ ಸೇರುವಂತಿಲ್ಲ ಎಂಬಂಥದ್ದನ್ನು ಆಡುವವರೇ ಅರ್ಧ ಮರೆತಿರುತ್ತಾರೆ.

— ಹಾಕಿ ಅಂಪೈರ್, ಮಡಿಕೇರಿ

ಮಂಡಿಯ ಲೆಕ್ಕ

ಆಟ ನಿಂತಿತೆಂದು ವ್ಯಾಯಾಮ ಒಮ್ಮೆಲೇ ನಿಲ್ಲಿಸಬೇಡಿ. ಎರಡು ಮೂರು ತಿಂಗಳಲ್ಲಿ ಹಂತ ಹಂತವಾಗಿ ಇಳಿಸಿ. ಊಟ ಅದಕ್ಕಿಂತ ಬೇಗ ಇಳಿಯಬೇಕು. ಎರಡು ಹೊತ್ತು ತರಬೇತಿ ಮಾಡುವವನ ತಟ್ಟೆ ಹಾಗೆಯೇ ಉಳಿದರೆ ತೂಕ ಏರುತ್ತದೆ, ದೇಹದ ತೂಕ ಒಂದು ಕೆ.ಜಿ. ಏರಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲೆ ಸುಮಾರು ನಾಲ್ಕು ಕೆ.ಜಿ. ಹೊರೆ. ತೊಡೆಯ ಮುಂಭಾಗದ ಸ್ನಾಯುವಿಗೆ ವಾರಕ್ಕೆ ಎರಡು ದಿನ, ಎಂಟರಿಂದ ಹನ್ನೆರಡು ಸಲದ ಮೂರು ಸುತ್ತು. ಶಸ್ತ್ರಚಿಕಿತ್ಸೆಯಾದ ಕಾಲಿನ ಬಲ ಇನ್ನೊಂದರ 90 ಶೇಕಡಾ ಮುಟ್ಟಿದೆಯೇ ಎಂದು ಫಿಸಿಯೊ ಬಳಿ ಅಳೆಸಿ, ಕಣ್ಣಳತೆ ಬೇಡ. ಕಲಿಸುವಾಗ ನೀವೇ ನೂರು ಫ್ಲಿಕ್ ಹೊಡೆದು ತೋರಿಸುವ ಆಸೆ ಬರುತ್ತದೆ. ಹತ್ತು ಸಾಕು, ಉಳಿದದ್ದಕ್ಕೆ ಮೊಬೈಲ್ ವಿಡಿಯೊ. ಊರಿನ ಟೂರ್ನಿಗೆ 'ಅತಿಥಿ ಆಟಗಾರ'ನಾಗಿ ನೋವಿನ ಮಾತ್ರೆ ನುಂಗಿ ಇಳಿಯುವುದನ್ನಂತೂ ಬಿಟ್ಟುಬಿಡಿ.

— ಕ್ರೀಡಾ ಫಿಸಿಯೊಥೆರಪಿಸ್ಟ್, ಮಂಗಳೂರು

ಮೂರು ಎಕರೆ

ಕಾಫಿಯನ್ನು ನಂಬಿ ಕೂರುವಷ್ಟು ಇದಲ್ಲ, ಬಿಟ್ಟುಬಿಡುವಷ್ಟೂ ಅಲ್ಲ. ರೊಬಸ್ಟಾ ಆದರೆ ಫೆಬ್ರವರಿ ಮಾರ್ಚ್‌ನಲ್ಲಿ ಹೂಮಳೆ ಬರದಿದ್ದರೆ ಸ್ಪ್ರಿಂಕ್ಲರ್, ಅದಾದ ಎರಡು ಮೂರು ವಾರಕ್ಕೆ ಇನ್ನೊಂದು ನೀರು. ಆ ಎರಡು ನೀರು ತಪ್ಪಿದರೆ ವರ್ಷದ ಫಸಲೇ ಹೋಯಿತು, ಆಗ ನೀವು ಊರಲ್ಲಿರಬೇಕು. ಕೊಯ್ಲು ಡಿಸೆಂಬರ್‌ನಿಂದ ಫೆಬ್ರವರಿ, ಆಳು ಸಿಗುವುದು ಕಷ್ಟ. ಉಳಿದ ದಿನ ಬೆಳಿಗ್ಗೆ ಎರಡು ಗಂಟೆ ಸಾಕು. ನೆರಳಿನ ಮರಗಳಿಗೆ ಮೆಣಸು ಹಬ್ಬಿಸಿ. ಈಚೆಗೆ ಕಂಡ ದರ ಹಿಡಿದು ಬಜೆಟ್ ಹಾಕಬೇಡಿ.

— ಬೆಳೆಗಾರ, ಸಿದ್ದಾಪುರ

ಮನೆಯವರಿಗೆ ಲೆಕ್ಕ ತೋರಿಸಿ

ಕೊಡಗಿನಲ್ಲಿ ಮದುವೆ ಮನೆಗೆ ಹೋದರೂ 'ಈ ಸಲ ಯಾವ ತಂಡಕ್ಕೆ?' ಎಂದೇ ಕೇಳುತ್ತಾರೆ. ಉತ್ತರವಿಲ್ಲದವನು ಮದುವೆಗೆ ಹೋಗುವುದನ್ನೇ ಬಿಡುತ್ತಾನೆ, ಇಲ್ಲವೇ ಗ್ಲಾಸ್ ಹಿಡಿದು ಮೂಲೆ ಸೇರುತ್ತಾನೆ. 'ಕೋರ್ಸ್ ಮಾಡ್ತಿದ್ದೀನಿ' ಎಂಬ ಒಂದು ಮಾತು ಸಿದ್ಧವಾಗಿರಲಿ. ಬೆಳಿಗ್ಗೆ ಐದೂವರೆಗೆ ಏಳುವ ಅಭ್ಯಾಸ ಕೆಡಿಸಿಕೊಳ್ಳಬೇಡಿ, ಆ ಹೊತ್ತನ್ನು ಬಿ.ಎ. ಪುಸ್ತಕಕ್ಕೆ ಕೊಡಿ. ತಿಂಗಳ ಖರ್ಚು, ಉಳಿದ ಹಣ, ಎಷ್ಟು ತಿಂಗಳು ಸಾಗುತ್ತದೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಹೆಂಡತಿಯ ಮುಂದಿಡಿ. ಆಕೆಗೆ ಕೆಲಸಕ್ಕೆ ಹೋಗುವ ಮನಸ್ಸಿದೆಯೇ ಎಂದು ನೀವು ಕೇಳಿದಂತೆ ಪತ್ರದಲ್ಲಿ ಕಾಣಲಿಲ್ಲ. ಎರಡು ವಾರ ಮೀರಿ ನಿದ್ದೆ ಬಾರದೆ, ಯಾವುದರಲ್ಲೂ ಆಸಕ್ತಿ ಇಲ್ಲದೆ ಹೋದರೆ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

— ಆಪ್ತಸಮಾಲೋಚಕಿ, ಮೈಸೂರು