ಥೆರಪಿಸ್ಟರನ್ನು ಕೇಳಿ: ಆಟಿಸಂ ಇರುವ ಪುಟ್ಟ ಮಕ್ಕಳ ಸೆನ್ಸರಿ ತೊಂದರೆಗಳು

ಅಡ್ಮಿನ್: ಇವತ್ತು ಸಂಜೆ ಆಕ್ಯುಪೇಷನಲ್ ಥೆರಪಿಸ್ಟ್ ಮೇಡಂ ನಮ್ಮ ಜೊತೆ ಇರುತ್ತಾರೆ. 6 ವರ್ಷದೊಳಗಿನ ಮಕ್ಕಳ ಸೆನ್ಸರಿ, ಅಂದರೆ ಸದ್ದು, ಸ್ಪರ್ಶ, ರುಚಿಯಂಥ ಇಂದ್ರಿಯಗಳ ತೊಂದರೆ ಬಗ್ಗೆ ಕೇಳಿ. ಫಾರ್ವರ್ಡ್ ಬೇಡ.

ಮೈಸೂರಿನ ಅಮ್ಮ: ನಮಸ್ತೆ ಮೇಡಂ. ಮಗನಿಗೆ 4 ವರ್ಷ. ಮಿಕ್ಸಿ ಹಾಕಿದರೆ ಕಿವಿ ಮುಚ್ಚಿಕೊಂಡು ಕಿರುಚುತ್ತಾನೆ. ಹೆಸರು ಹಿಡಿದು ಕರೆದರೆ ತಿರುಗಿಯೂ ನೋಡಲ್ಲ. ಬೇಕಂತಲೇ ಮಾಡ್ತಾನಾ?

ಥೆರಪಿಸ್ಟ್: ಇಲ್ಲಮ್ಮ. ಒಂದೇ ಮಗುವಿಗೆ ಒಂದು ಸದ್ದು ತಡೆಯಲಾಗದಷ್ಟು ಜೋರಾಗಿ ಕೇಳಿಸಿ, ಇನ್ನೊಂದು ಗಮನಕ್ಕೇ ಬಾರದೆ ಹೋಗುವುದುಂಟು. ಮನೋವೈದ್ಯರು ರೋಗ ಗುರುತಿಸಲು ಬಳಸುವ ಅಮೆರಿಕದ ಕೈಪಿಡಿ, 2013ರಲ್ಲಿ ಬಂದ ಡಿಎಸ್‌ಎಂ-5 ಇದನ್ನು ಆಟಿಸಂನ ಲಕ್ಷಣಗಳಲ್ಲೇ ಸೇರಿಸಿತು. ಆದರೂ ಶ್ರವಣ ಪರೀಕ್ಷೆ ಮಾಡಿಸಿ, ನಿಮ್ಮೂರಲ್ಲೇ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆ ಇದೆ. ಮಿಕ್ಸಿ ಹಾಕುವ ಮುಂಚೆ ಹೇಳಿ, ಜಾರ್ ತೋರಿಸಿ. ಒಪ್ಪಿದರೆ ಗೋಡೆಯ ಸ್ವಿಚ್ ಅವನೇ ಒತ್ತಲಿ. ಇಯರ್‌ಮಫ್ ಪಟಾಕಿಗೆ, ಮದುವೆಮನೆ ವಾಲಗಕ್ಕೆ ಸಾಕು. ದಿನವಿಡೀ ಹಾಕಿದರೆ ಸಣ್ಣ ಸದ್ದನ್ನೂ ತಡೆಯಲಾರದಂತೆ ಆಗಬಹುದು.

ತುಮಕೂರಿನ ತಂದೆ: ನಮ್ಮವಳಿಗೆ ಕುಕ್ಕರ್ ಸೀಟಿ ಭಯ. ಏನು ಮಾಡೋದು?

ಥೆರಪಿಸ್ಟ್: ಮಿಕ್ಸಿಗೆ ಬರೆದದ್ದೇ.

ಮಂಗಳೂರಿನ ಅಮ್ಮ: ಮೇಡಂ, ಕೂದಲು ಕತ್ತರಿಸಲು ಇಬ್ಬರು ಹಿಡಿದುಕೊಳ್ಳಬೇಕು. ಏನಾದರೂ ಉಪಾಯ ಉಂಟಾ?

ಹಾವೇರಿಯ ತಾಯಿ: ಮೇಡಂರೀ, ಹುಡುಗಗ ಮೂರೂವರಿ ವರ್ಷ ಆಗೇತಿ. ಮಾತು ಇಲ್ರಿ. ಮೊಸರನ್ನ, ಒಂದ ಕಂಪನಿ ಬಿಸ್ಕೀಟು, ಹಾಲು ಬಿಟ್ರ ಬ್ಯಾರೆ ಏನೂ ಮುಟ್ಟಂಗಿಲ್ಲ. ವರ್ಷದ ಮ್ಯಾಲಾತು. ಎರಡ ವಾರದಿಂದ ನಿಂದ್ರಾಕ ಒಲ್ಲ, ಕಾಲು ನೆಲಕ್ಕ ಇಟ್ರ ಅಳತಾನ. ಹಲ್ಲು ತಿಕ್ಕೂಮುಂದ ವಸಡಿನಾಗ ರಕ್ತ ಬರತೇತಿ. ಸೆನ್ಸರಿ ಅದ, ಅಂಗಾಲಿಗೆ ಬ್ರಶ್ ತಿಕ್ರಿ ಅಂತ ಒಬ್ರು ಹೇಳ್ಯಾರ.

ಥೆರಪಿಸ್ಟ್: ಉಳಿದವರು ಸ್ವಲ್ಪ ಕಾಯಿರಿ. ಅಮ್ಮಾ, ಬ್ರಶ್ ನಿಲ್ಲಿಸಿ. ಹುಲ್ಲು, ಮರಳು ತುಳಿಯಲು ಒಲ್ಲೆ ಅನ್ನುವುದು ಸೆನ್ಸರಿ ಇರಬಹುದು. ಓಡಾಡುತ್ತಿದ್ದ ಮಗು ನಿಲ್ಲಲೇ ಒಲ್ಲೆ ಎಂದರೆ ಮೊದಲು ನೋವನ್ನು ಹುಡುಕಬೇಕು. ಮಾತಿಲ್ಲದ ಮಗು ಇನ್ನು ಹೇಗೆ ಹೇಳೀತು?

ಮೊಸರನ್ನ, ಬಿಸ್ಕೀಟು, ಕಾಸಿದ ಹಾಲು, ಮೂರರಲ್ಲೂ ವಿಟಮಿನ್ ಸಿ ಇಲ್ಲವೆನ್ನುವಷ್ಟು ಕಡಿಮೆ. ತಿಂಗಳುಗಟ್ಟಲೆ ಅಷ್ಟನ್ನೇ ತಿಂದರೆ ಸ್ಕರ್ವಿ ಬರುತ್ತದೆ. ಹಡಗಿನವರ ಕಾಯಿಲೆ ಎಂದು ಶಾಲೆಯಲ್ಲಿ ಓದಿದ್ದೆವಲ್ಲ, ಅದೇ. ಆಯ್ದು ತಿನ್ನುವ ಆಟಿಸಂ ಮಕ್ಕಳಲ್ಲಿ ಇಂದಿಗೂ ಕಾಣುತ್ತದೆ. ವಸಡು ಊದಿ ರಕ್ತ ಬರುತ್ತದೆ. ಮೂಳೆಯ ಮೇಲ್ಪೊರೆಯಡಿ ರಕ್ತ ಸೋರಿ, ಕಾಲು ಮುಟ್ಟಗೊಡದಷ್ಟು ನೋಯುತ್ತದೆ. ತೊಡೆ, ಮೊಣಕಾಲು ಊದಿದೆಯಾ ನೋಡಿ.

ಸ್ಕರ್ವಿಯೇ ಎಂದು ನಾನು ಇಲ್ಲಿಂದ ಹೇಳಲಾರೆ. ಮೂಳೆ, ಕೀಲಿನ ಸೋಂಕು, ರಕ್ತದ ಕ್ಯಾನ್ಸರ್ ಕೂಡ ಹೀಗೆ ಶುರುವಾಗಬಹುದು. ನಾಳೆ ಬೆಳಿಗ್ಗೆಯೇ ಮಕ್ಕಳ ಡಾಕ್ಟರಿಗೆ ತೋರಿಸಿ, ಜ್ವರ ಇದ್ದರೆ ಈ ರಾತ್ರಿಯೇ ಹೊರಡಿ. ಅವನು ತಿನ್ನುವುದನ್ನೆಲ್ಲ ಚೀಟಿಯಲ್ಲಿ ಬರೆದುಕೊಂಡು ಹೋಗಿ. ‘ಆಟಿಸಂ ಮಕ್ಕಳು ಹೀಗೇ’ ಅಂದರೆ ಸುಮ್ಮನೆ ವಾಪಸ್ ಬರಬೇಡಿ, ರಕ್ತ ಪರೀಕ್ಷೆ, ಮೊಣಕಾಲಿನ ಎಕ್ಸ್‌-ರೇ ಬಗ್ಗೆ ಕೇಳಿ. ಸ್ಕರ್ವಿ ಆಗಿದ್ದರೆ ವಿಟಮಿನ್ ಸಿ ಕೊಟ್ಟ ಕೆಲವೇ ದಿನಗಳಲ್ಲಿ ನೋವು ಇಳಿಯುತ್ತದೆ. ಊಟ ಬದಲಿಸುವುದು ಆಮೇಲೆ, ನಿಧಾನಕ್ಕೆ. ಈಗಲೇ ಬಿಸ್ಕೀಟು ಕಿತ್ತುಕೊಂಡರೆ ಉಪವಾಸ ಬೀಳುತ್ತಾನೆ.

ತುಮಕೂರಿನ ತಂದೆ: ಸೆಂಟರಿನವರು ಉಯ್ಯಾಲೆ, ಭಾರದ ಜಾಕೆಟ್ ಸೇರಿಸಿ 1 ವರ್ಷದ ಪ್ಯಾಕೇಜ್ ಅಂತಿದ್ದಾರೆ.

ಥೆರಪಿಸ್ಟ್: ಮುಂಗಡ ಕಟ್ಟಬೇಡಿ. ‘ತಾನೇ ಫ್ರಾಕ್ ಹಾಕಿಕೊಳ್ಳಬೇಕು’ ಅನ್ನುವಂಥ ಗುರಿ ಬರೆದು ಕೊಡಲಿ. ಭಾರದ ಜಾಕೆಟ್‌ಗೆ ಆಧಾರ ತೀರಾ ಕಡಿಮೆ.

ಶಿವಮೊಗ್ಗದ ಸದಸ್ಯ: ಬಂದದ್ದು ಹಂಚುತ್ತಿದ್ದೇನೆ. ರಕ್ತದಲ್ಲಿರುವ ಲೋಹ ತೆಗೆಸಿದರೆ ಆಟಿಸಂ ಗುಣ. ಬಜೆ ತೇದು ನಾಲಿಗೆಗೆ ಹಚ್ಚಿದರೆ ಮಾತು ಬರುತ್ತದೆ.

ಥೆರಪಿಸ್ಟ್: ಅಳಿಸಿ. 2005ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಆಟಿಸಂ ಇದ್ದ 5 ವರ್ಷದ ಮಗು ಈ ಲೋಹ ತೆಗೆಯುವ ಇಂಜೆಕ್ಷನ್ನಿನಿಂದಲೇ ಸತ್ತಿತು. ರಕ್ತದ ಕ್ಯಾಲ್ಸಿಯಂ ಕುಸಿದು ಹೃದಯ ನಿಂತಿತು. ಸೀಸದ ವಿಷ ಏರಿದೆ ಎಂದು ಪರೀಕ್ಷೆಯಲ್ಲಿ ಗೊತ್ತಾದವರಿಗೆ ಕೊಡುವ ಚಿಕಿತ್ಸೆ ಅದು.

ಶಿವಮೊಗ್ಗದ ಸದಸ್ಯ: ಬಜೆಗೇನಾಗಿದೆ? ನಮ್ಮಜ್ಜಿ ಮನೆಮಕ್ಕಳಿಗೆಲ್ಲ ಹಚ್ಚಿದವರೇ.

ತುಮಕೂರಿನ ತಂದೆ: ನಿಮ್ಮಜ್ಜಿ ಆಟಿಸಂ ಮಗು ಸಾಕಿದ್ರಾ?

ಶಿವಮೊಗ್ಗದ ಸದಸ್ಯ: ಹಿರಿಯರ ವಿಷಯಕ್ಕೆ ಬರಬೇಡಿ. ಆಗ ಮೊಬೈಲೂ ಇರಲಿಲ್ಲ, ಈ ಸೆನ್ಸರಿಯೂ ಇರಲಿಲ್ಲ. ಈಗಿನ ತಾಯಂದಿರು ಕೈಗೆ ಫೋನ್ ಕೊಟ್ಟು ಕೂರಿಸಿದ್ದರ ಫಲ.

ಮೈಸೂರಿನ ಅಮ್ಮ: ಇತ್ತು ಸರ್. ಹಠಮಾರಿ ಅಂತ ಹೊಡೆದು ಕೂರಿಸ್ತಿದ್ರು. ನಮ್ಮ ಚಿಕ್ಕಪ್ಪ ಇಡ್ಲಿ ಬಿಟ್ಟು ಏನೂ ತಿನ್ನುತ್ತಿರಲಿಲ್ಲ, ಪಂಕ್ತಿಯಲ್ಲಿ ಕೂರಲು ಆಗುತ್ತಿರಲಿಲ್ಲ. ಬೈಸಿಕೊಂಡೇ ಬೆಳೆದರು. ತಾಯಂದಿರನ್ನು ಬೈಯೋಕೆ ಈ ಗುಂಪು ಬೇಕಾ?

ಥೆರಪಿಸ್ಟ್: ಮೊಬೈಲಿನಿಂದ ಆಟಿಸಂ ಬರುವುದಿಲ್ಲ. ಬಜೆ ಹೆಚ್ಚಾದರೆ ವಾಂತಿಯಾಗುತ್ತದೆ. ಈ ಎರಡರ ಬಗ್ಗೆ ಇನ್ನು ಬರೆಯುವುದಿಲ್ಲ.

ಮಂಗಳೂರಿನ ಅಮ್ಮ: ಕೂದಲಿನದ್ದು, ಮೇಡಂ?

ಹಾವೇರಿಯ ತಾಯಿ: ಎಡಗಾಲ ಮೊಣಕಾಲ ಊದೇತ್ರಿ. ಮೈ ಬಿಸಿ ಇಲ್ಲ. ಮುಂಜಾನೆ ಮೊದಲ ಬಸ್ಸಿಗೆ ಹುಬ್ಬಳ್ಳಿಗೆ ಹೊಂಟೇವ್ರಿ.

ಶಿವಮೊಗ್ಗದ ಸದಸ್ಯ: ವಿಟಮಿನ್ ಸಿ ತಾನೇ? ನೆಲ್ಲಿಕಾಯಿ ರಸ ಕುಡಿಸಿ, ಆಸ್ಪತ್ರೆ ಯಾಕೆ?

ಥೆರಪಿಸ್ಟ್: ಕೀಲಲ್ಲಿ ಕೀವು ತುಂಬಿದ್ದರೆ ನೆಲ್ಲಿಕಾಯಿ ಏನು ಮಾಡುತ್ತದೆ? ಆ ತಾಯಿಯನ್ನು ತಡೆಯಬೇಡಿ. ಅಡ್ಮಿನ್, ಇವರ ಮೆಸೇಜ್ ಈಗಲೇ ತೆಗೆಯಿರಿ. ಅಮ್ಮಾ, ಹೊರಡಿ. ಮಗುವನ್ನು ನಡೆಸಬೇಡಿ, ಎತ್ತಿಕೊಂಡೇ ಹೋಗಿ. ಡಾಕ್ಟರು ಏನಂದರು ಎಂದು ನನ್ನ ನಂಬರಿಗೇ ಬರೆಯಿರಿ.